ನಲ್ವತ್ತು ಶೇಕಡಾದ ಗೆರೆ ಮತ್ತು ನಮ್ಮ ಮನೆಯ ಮಕ್ಕಳು

ಕೆಲವು ತಿಂಗಳ ಹಿಂದೆ ನಮ್ಮ ಉಪನಗರದ ಕನ್ನಡ ಸಂಘದ ವಾರ್ಷಿಕ ಮಹಾಸಭೆ ಜರಗಿತು. ಗತ ವರ್ಷದ ವರದಿ, ಲೆಕ್ಕಪತ್ರ ಮಂಡನೆ, ವಿದ್ಯಾರ್ಥಿವೇತನ ವಿತರಣೆ ಎಲ್ಲವೂ ಸುಸೂತ್ರವಾಗಿ ಮುಗಿದು 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು' ಎಂಬಲ್ಲಿಗೆ ಬಂದಾಗ ಸಭಿಕರಲ್ಲಿ ಅರ್ಧದಷ್ಟು ಜನರ ಗಮನ ಊಟದ ಹಾಲಿನ ಕಡೆಗಿತ್ತು. ಆಗ ಮಹಿಳೆಯರ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ಮೈಕು ಬೇಡವೆಂದು ಕೈಸನ್ನೆ ಮಾಡಿ ಕೇಳಿದರು: "ನನ್ನ ಹುಡುಗನಿಗೆ ಹದಿನೆಂಟು ತುಂಬಿತು. ಅವನ ಅಂಗವಿಕಲರ ಸರ್ಟಿಫಿಕೇಟು ಪುನಃ ಮಾಡಿಸಬೇಕಂತೆ. ಈಗ ಎಲ್ಲ ಕಡೆ ಸ್ಟ್ರಿಕ್ಟು ಮಾಡಿದ್ದಾರೆ ಹೇಳ್ತಾರೆ. ಪರ್ಸೆಂಟು ಕಡಿಮೆ ಬಂದ್ರೆ ನಾವು ಎಂತ ಮಾಡುವುದು?"

ವೇದಿಕೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಕಾರ್ಯದರ್ಶಿಯವರು ಒಂದು ಕ್ಷಣ ಯೋಚಿಸಿ, "ನಮ್ಮ ಬ್ಯಾಂಕಿನವರು ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ" ಎಂದು ನನ್ನತ್ತ ಕೈ ತೋರಿಸಿ ವಂದನಾರ್ಪಣೆಗೆ ಹೋದರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಲೋಕದ ಎಲ್ಲ ಫಾರ್ಮು ತುಂಬಲು ಬರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿದೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ನನಗೆ ವೈದ್ಯಕೀಯದ ಗಂಧ ಗಾಳಿ ಇಲ್ಲ. ಆದರೂ ಆ ತಾಯಿ ಊಟದ ಸಾಲಿನಲ್ಲಿ ಬಳಿಗೆ ಬಂದು, "ಅಣ್ಣಾ, ಫೈಲು ಯಾವಾಗ ತರಲಿ?" ಎಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಇಂದಿನವರೆಗೆ ಓಡಾಡಿ ತಿಳಿದುಕೊಂಡದ್ದನ್ನು, ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಜಾಗ ಬೇಡವೆಂದು ಅವರು ಹೇಳಿದ್ದಾರೆ.

ಆಕೆಯ ಪತಿ ಹೊಟೇಲಿನಲ್ಲಿ ದೋಸೆ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರು. 2021ರ ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಈಕೆ ಈಗ ನಾಲ್ಕು ಮನೆಗಳಿಗೆ ಚಪಾತಿ ಮಾಡಿಕೊಡುತ್ತಾರೆ. ಒಬ್ಬನೇ ಮಗ, ಹುಟ್ಟಿನಿಂದ ಬುದ್ಧಿಮಾಂದ್ಯ. ಮಹಾರಾಷ್ಟ್ರ ಸರಕಾರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಅವನ ಹೆಸರಿಗೆ ತಿಂಗಳಿಗೆ 1,500 ರೂಪಾಯಿ ಬರುತ್ತಿತ್ತು. ಅಂಗವಿಕಲ ಫಲಾನುಭವಿಗಳಿಗೆ ಈ ಮೊತ್ತವನ್ನು 2,500ಕ್ಕೆ ಏರಿಸಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಮುಂಬಯಿಯಲ್ಲಿ 2,500 ರೂಪಾಯಿ ಎಂದರೆ ಏನು ಎಂದು ಕೆಲವರಿಗೆ ಅನಿಸಬಹುದು. ಖೋಲಿಯ ಬಾಡಿಗೆಯ ಅರ್ಧ ಭಾಗ ಅದರಿಂದಲೇ ಹೋಗುತ್ತದೆ ಎನ್ನುವವರಿಗೆ ಅದು ಏನೆಂದು ಗೊತ್ತು.

ಗೆರೆ ಎಲ್ಲಿದೆ?

ಮೊದಲು ಕಾಯ್ದೆಯ ವಿಷಯ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಏಳು ವಿಧಗಳಿದ್ದವು. 2016ರ ಹೊಸ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಥಲಸ್ಸೇಮಿಯಾ, ಪಾರ್ಕಿನ್ಸನ್, ಆಸಿಡ್ ದಾಳಿಗೆ ಒಳಗಾದವರು, ಕಲಿಕೆಯ ತೊಂದರೆ ಇರುವ ಮಕ್ಕಳು ಎಲ್ಲರೂ ಅದರೊಳಗೆ ಬಂದರು. 2017ರ ಎಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಬಾಗಿಲು ದೊಡ್ಡದಾಯಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಬಾಗಿಲ ಹೊಸ್ತಿಲು ಮಾತ್ರ ಇದ್ದಲ್ಲೇ ಇದೆ: ಶೇ. 40. ಸರಕಾರಿ ಕೆಲಸದ ಶೇ. 4 ಮೀಸಲಾತಿ, ಉನ್ನತ ಶಿಕ್ಷಣದ ಶೇ. 5 ಮೀಸಲಾತಿ, ನಮ್ಮ ರಾಜ್ಯದ ಈ ಅನುದಾನ ಎಲ್ಲದಕ್ಕೂ ಅಷ್ಟು ಬೇಕು. ಕೇಂದ್ರ ಸರಕಾರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಗಂತೂ ಶೇ. 80 ಬೇಕು, ಬಡತನ ರೇಖೆಯ ಕೆಳಗೂ ಇರಬೇಕು. ಅಷ್ಟೆಲ್ಲ ಇದ್ದವರಿಗೆ 79 ವಯಸ್ಸಿನವರೆಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಬರೆಯುವಾಗ ಸೊನ್ನೆಯೊಂದು ಬಿಟ್ಟುಹೋಗಿಲ್ಲ, ಮುನ್ನೂರೇ.

ಕೈ ಕಾಲಿನ ತೊಂದರೆಯಾದರೆ ಡಾಕ್ಟರು ಕೀಲು, ಸ್ನಾಯು ಅಳೆದು ಲೆಕ್ಕ ಹಾಕುತ್ತಾರೆ. ಬುದ್ಧಿಯ ವಿಷಯದಲ್ಲಿ ಹಾಗಲ್ಲ. ಐಕ್ಯೂ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಎಂಬ ಸಾಮಾಜಿಕ ಪ್ರೌಢಿಮೆಯ ಅಳತೆಪಟ್ಟಿ ಇದೆ. ಅದರಲ್ಲಿ ಉತ್ತರ ಕೊಡಬೇಕಾದದ್ದು ಮಗುವಲ್ಲ, ಹೆಚ್ಚಾಗಿ ತಾಯಿಯೇ. ತಾನೇ ಊಟ ಮಾಡುತ್ತಾನೆಯೇ, ಅಂಗಿಯ ಗುಂಡಿ ಹಾಕುತ್ತಾನೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತಾನೆಯೇ ಎಂಬಂಥ ಪ್ರಶ್ನೆಗಳು. ಅದರಿಂದ ಬರುವ ಅಂಕಕ್ಕೆ ಅನುಗುಣವಾಗಿ ಅತಿ ತೀವ್ರಕ್ಕೆ ಶೇ. 100, ತೀವ್ರಕ್ಕೆ 90, ಮಧ್ಯಮಕ್ಕೆ 75, ಸೌಮ್ಯಕ್ಕೆ 50. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಗಡಿಯಲ್ಲಿರುವವರಿಗೆ 25. ಅಂದರೆ ಐವತ್ತರಿಂದ ಇಳಿದರೆ ಕಾಲು ನಿಲ್ಲುವುದು ಇಪ್ಪತ್ತೈದರಲ್ಲಿ. ನಡುವೆ ಮೆಟ್ಟಿಲಿಲ್ಲ. ಇಪ್ಪತ್ತೈದಕ್ಕೆ ಅನುದಾನವೂ ಇಲ್ಲ, ಮೀಸಲಾತಿಯೂ ಇಲ್ಲ.

2018ರ ಮಾರ್ಗಸೂಚಿಯ ಪ್ರಕಾರ ಇಂತಹ ಮಕ್ಕಳ ಪ್ರಮಾಣಪತ್ರವನ್ನು ಐದು, ಹತ್ತು ಹಾಗೂ ಹದಿನೆಂಟನೆಯ ವಯಸ್ಸಿನಲ್ಲಿ ನವೀಕರಿಸಬೇಕು. ಹದಿನೆಂಟರಲ್ಲಿ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರವು ಅಳತೆಯ ಹೊಸ ಮಾರ್ಗಸೂಚಿಗಳನ್ನು ಹೊರಡಿಸಿತು. ಹುಡುಗನಿಗೆ ಹತ್ತರಲ್ಲಿ ಸಿಕ್ಕಿದ್ದು ಶೇ. 75. ಈಗ ಹದಿನೆಂಟು.

ತಾಯಿಯ ಸಂಕಟ

ಪರೀಕ್ಷೆಯ ದಿನಕ್ಕೆ ಒಂದು ವಾರ ಮೊದಲು ಫೈಲು ಜೋಡಿಸಲೆಂದು ನಮ್ಮ ಮನೆಗೆ ಬಂದಿದ್ದಾಗ ಆಕೆ ಒಂದು ಮಾತು ಹೇಳಿದರು. ಇಡೀ ವಿಷಯದಲ್ಲಿ ನನ್ನನ್ನು ಇಂದಿಗೂ ಬಿಡದ ಮಾತು ಅದು. "ಅಣ್ಣಾ, ಇವನಿಗೆ ಹಾಲು ತರಲು ಕಲಿಸಲಿಕ್ಕೆ ನನಗೆ ಮೂರು ವರ್ಷ ಹಿಡೀತು. ರಸ್ತೆ ದಾಟುವುದು ಬೇಡ, ಈಚೆ ಕಡೆಯ ಡೇರಿಯಿಂದ ಒಂದು ಥೈಲಿ ತರಬೇಕು, ಚಿಲ್ಲರೆ ಮುಷ್ಟಿಯಲ್ಲಿ ಹಿಡಿದುಕೊಂಡು ಬರಬೇಕು. ಅಷ್ಟೇ. ಈಗ ಒಂದು ತಿಂಗಳಿಂದ ಅವನನ್ನು ಕಳಿಸುವುದು ನಿಲ್ಲಿಸಿದ್ದೇನೆ. ಯಾರಾದರೂ ನೋಡಿ, ಇವನು ಸರಿ ಇದ್ದಾನಲ್ಲ ಅಂತ ಬರೆದುಹಾಕಿದ್ರೆ?"

ನಾನು ಉತ್ತರ ಕೊಡಲಿಲ್ಲ. ನನ್ನ ಹೆಂಡತಿ ಚಹಾ ತರುವ ನೆಪದಲ್ಲಿ ಒಳಗೆ ಹೋದಳು. ಹುಡುಗ ಮಾತ್ರ ನಮ್ಮ ಶೋಕೇಸಿನಲ್ಲಿದ್ದ ಸ್ಮರಣಿಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ.

ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಅಂಗವೈಕಲ್ಯದ ತಪಾಸಣೆಗೆ ವಾರದಲ್ಲಿ ಗೊತ್ತುಪಡಿಸಿದ ದಿನ ಮಾತ್ರ. ಬೆಳಿಗ್ಗೆ ಏಳಕ್ಕೇ ಕ್ಯೂ. ಗಾಲಿಕುರ್ಚಿಯಲ್ಲಿ ಬಂದವರು, ಹೆಗಲ ಮೇಲೆ ಹೊತ್ತು ತಂದವರು, ಒಂದೇ ಬೆಂಚಿಗೆ ಹದಿನೈದು ಜನ. ಮೂರನೆಯ ಸಲ ಹೋದಾಗ ನಮ್ಮ ಸರದಿ ಬಂತು. ಒಳಗೆ ಇದ್ದಾಕೆ ವಯಸ್ಸಿನಲ್ಲಿ ಚಿಕ್ಕವರು, ಮಾತು ಒಳ್ಳೆಯದು. ಹುಡುಗನಿಗೆ ಚಿತ್ರ ತೋರಿಸಿ ಏನೇನೋ ಕೇಳಿದ ಮೇಲೆ ತಾಯಿಯತ್ತ ತಿರುಗಿ ಮರಾಠಿಯಲ್ಲಿ, "ಏಕ್ಟಾ ಬಾಹೇರ್ ಜಾತೋ ಕಾ?" ಎಂದರು. ಒಬ್ಬನೇ ಹೊರಗೆ ಹೋಗುತ್ತಾನೆಯೇ ಎಂದು. ತಾಯಿ ನನ್ನ ಮುಖ ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಕೊನೆಗೆ, "ಹೋ, ದೂಧ್ ಆಣ್ತೋ" ಎಂದರು. ಹೌದು, ಹಾಲು ತರುತ್ತಾನೆ.

ಹೊರಗೆ ಬಂದ ಮೇಲೆ "ಯಾಕಮ್ಮಾ ಹೇಳಿದ್ರಿ?" ಎಂದು ಕೇಳಿದೆ. "ಅವನ ಎದುರು ಇಲ್ಲ ಅಂತ ಹೇಗೆ ಹೇಳುವುದು ಅಣ್ಣಾ? ಅವನಿಗೆ ಅಷ್ಟು ಮರಾಠಿ ಅರ್ಥ ಆಗ್ತದೆ" ಎಂದರು.

ಕಾರ್ಡು ಬರಲು ಎರಡು ತಿಂಗಳ ಹತ್ತಿರ ಹಿಡಿಯಿತು. ಶೇ. 50 ಬಂದಿದೆ. ಹತ್ತನೆಯ ವಯಸ್ಸಿನ 75ರಿಂದ ಇಳಿದಿದೆ, ಆದರೆ ನಲ್ವತ್ತರ ಮೇಲಿದೆ, ಅನುದಾನ ನಿಲ್ಲುವುದಿಲ್ಲ. ನನಗೆ ಫೋನು ಮಾಡಿ ಹೇಳುವಾಗ ಆಕೆ ಅಳುತ್ತಿದ್ದರು. ಮಗ ಚುರುಕಾಗಿದ್ದಾನೆಂದು ಸರಕಾರವೇ ಬರೆದುಕೊಟ್ಟಿದೆ, ಅದಕ್ಕೆ ಸಂತೋಷಪಡಬೇಕಾದ ತಾಯಿ ಇನ್ನೂ ಇಳಿಯಲಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದರು. ಇಂತಹ ಪರಿಸ್ಥಿತಿಯನ್ನು ತಂದಿಟ್ಟ ಲೆಕ್ಕಾಚಾರದಲ್ಲಿ ಎಲ್ಲೋ ಒಂದು ಕಡೆ ಬ್ಯಾಲೆನ್ಸ್ ತಾಳೆಯಾಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೊಂಕಣ ರೈಲ್ವೆಯಲ್ಲಿ ಊರಿಗೆ ಹೋಗುವವರಿಗೂ ಇದೇ ಅನುಭವ. ರೈಲ್ವೆಯ ಅಂಗವಿಕಲರ ರಿಯಾಯಿತಿ 21 ವಿಧದವರಿಗೂ ಇಲ್ಲ, ನಾಲ್ಕು ವರ್ಗಗಳಿಗೆ ಮಾತ್ರ. ಅದರಲ್ಲೂ ಕೈಕಾಲಿನ ತೊಂದರೆ ಇರುವವರು ಮತ್ತು ಬುದ್ಧಿಮಾಂದ್ಯರು ಜೊತೆಗಾರರಿಲ್ಲದೆ ಪ್ರಯಾಣಿಸಲಾರರು ಎಂದು ಸರಕಾರಿ ಡಾಕ್ಟರು ಬರೆದುಕೊಡಬೇಕು. ಹಾಗಿದ್ದರೆ ಸ್ಲೀಪರ್ ದರ್ಜೆಯಲ್ಲಿ ಅವರಿಗೂ ಜೊತೆಗಾರನಿಗೂ ಮುಕ್ಕಾಲು ಭಾಗ ರಿಯಾಯಿತಿ. ಕಷ್ಟಪಟ್ಟು ಒಬ್ಬನೇ ಹೋಗಲು ಕಲಿತವನು ಪೂರ್ತಿ ಟಿಕೇಟು ಕೊಡಬೇಕು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಾಗಲೂ ಅಂಗವಿಕಲರದ್ದು ಉಳಿಯಿತು ಎಂಬುದು ಸಮಾಧಾನದ ಸಂಗತಿ.

ಬಿಗಿ ಏಕೆ ಬಂತು?

ಕಳ್ಳ ಪ್ರಮಾಣಪತ್ರಗಳು ಇಲ್ಲವೆಂದು ಯಾರೂ ಹೇಳುವಂತಿಲ್ಲ. ವೋಚರಿಲ್ಲದೆ ಒಂದು ರೂಪಾಯಿ ದಾಟಿಸಬಾರದೆಂದು ಕಲಿತು ಬಂದವನು ನಾನು, ತಪಾಸಣೆಯ ವಿರುದ್ಧ ನನಗೆ ಮಾತಿಲ್ಲ. 2024ರಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರ ಪ್ರಮಾಣಪತ್ರಗಳ ವಿವಾದ ಪುಣೆಯಿಂದ ದೆಹಲಿಯವರೆಗೆ ಸದ್ದು ಮಾಡಿದ್ದು ಓದುಗರಿಗೆ ನೆನಪಿರಬಹುದು. ಆ ಬಳಿಕ ಎಲ್ಲ ಕಡೆ ಹಳೆಯ ಫೈಲುಗಳನ್ನು ತೆರೆಯುವ ಕೆಲಸಕ್ಕೆ ವೇಗ ಬಂತು. ಮೋಸದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು 2016ರ ಕಾಯ್ದೆಯಲ್ಲೇ ಇದೆ. ಅದನ್ನು ಉಪಯೋಗಿಸಲಿ.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ತಿದ್ದಿತು. ಯುಡಿಐಡಿ ಎಂಬ ಒಂದೇ ಗುರುತಿನ ಕಾರ್ಡಿಗೆ ಈಗ ಮೂರು ಬಣ್ಣ. ನಲ್ವತ್ತಕ್ಕಿಂತ ಕಡಿಮೆಯವರಿಗೆ ಬಿಳಿ, ನಲ್ವತ್ತರಿಂದ ಎಂಬತ್ತರೊಳಗಿನವರಿಗೆ ಹಳದಿ, ಎಂಬತ್ತು ಮತ್ತು ಮೇಲ್ಪಟ್ಟವರಿಗೆ ನೀಲಿ. ಪ್ರಮಾಣಪತ್ರ ಕೊಡಲು ಆಸ್ಪತ್ರೆಗೆ ಮೊದಲು ಒಂದು ತಿಂಗಳ ಗಡುವಿತ್ತು, ಅದನ್ನು ಮೂರು ತಿಂಗಳು ಮಾಡಿದರು. ಅರ್ಜಿದಾರರಿಗೆ ಬಿಗಿ, ಕಚೇರಿಗೆ ಸಡಿಲ. ಇದು ಮಾತ್ರ ನನಗೆ ಸರಿ ಕಾಣಲಿಲ್ಲ.

ನೆರೆಯ ಆಂಧ್ರದಲ್ಲಿ ನಡೆದದ್ದನ್ನೂ ನೋಡಬೇಕು. 2024ರಲ್ಲಿ ಅಲ್ಲಿನ ಸರಕಾರ ಅಂಗವಿಕಲ ಪಿಂಚಣಿಯನ್ನು ತಿಂಗಳಿಗೆ 6,000ಕ್ಕೆ, ಹಾಸಿಗೆ ಹಿಡಿದವರಿಗೆ 15,000ಕ್ಕೆ ಏರಿಸಿತು. ದೊಡ್ಡ ಮನಸ್ಸಿನ ಕೆಲಸ. 2025ರಲ್ಲಿ ಎಲ್ಲರನ್ನೂ ಪುನಃ ತಪಾಸಣೆಗೆ ಕರೆದು, ನಲ್ವತ್ತಕ್ಕಿಂತ ಕಡಿಮೆ ಬಂದವರಿಗೆ ನೋಟಿಸು ಕೊಟ್ಟಿತು. ವರ್ಷಗಟ್ಟಲೆ ಪಿಂಚಣಿ ಪಡೆದವರು ಆಗಸ್ಟಿನಲ್ಲಿ ರಸ್ತೆಗೆ ಇಳಿದರು. ನಂತರ ಮೇಲ್ಮನವಿಗೆ ಅವಕಾಶ ಕೊಡಲಾಯಿತು. ಕಳ್ಳರನ್ನು ಹಿಡಿಯಲು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದರೆ ಹೆಚ್ಚು ಹೊತ್ತು ನಿಲ್ಲಲಾಗದವರೇ ಮೊದಲು ಬೀಳುವುದು.

ಪರವೂರಿನವರ ಪಾಡು

ಈಗ ನಮ್ಮವರ ವಿಶೇಷ ತೊಂದರೆ. ಸಂಜಯ ಗಾಂಧಿ ಯೋಜನೆಗೆ ಮಹಾರಾಷ್ಟ್ರದಲ್ಲಿ ಕನಿಷ್ಠ 15 ವರ್ಷಗಳ ವಾಸ ಬೇಕು. ನಮ್ಮವರು ಮೂವತ್ತು ವರ್ಷ ಇಲ್ಲಿದ್ದರೂ ಅದನ್ನು ತೋರಿಸುವ ಕಾಗದ ಇರುವುದಿಲ್ಲ. ಹೊಟೇಲಿನ ಮಾಳಿಗೆಯಲ್ಲಿ ಮಲಗಿ, ಹೊಟೇಲಿನಲ್ಲೇ ಉಂಡು ಆಯುಷ್ಯ ಕಳೆದವನ ಹೆಸರಿನಲ್ಲಿ ಯಾವ ವಿದ್ಯುತ್ ಬಿಲ್ಲು ಬರಬೇಕು? ರೇಶನ್ ಕಾರ್ಡು ಊರಿನಲ್ಲಿ, ಮತದಾರರ ಪಟ್ಟಿಯ ಹೆಸರು ಊರಿನಲ್ಲಿ, ಆಧಾರ್ ಕೂಡ ರಜೆಯಲ್ಲಿ ಊರಿಗೆ ಹೋದಾಗ ಮಾಡಿಸಿದ್ದು. ಈ ತಾಯಿಗೆ ಆಧಾರವಾದದ್ದು ಮಗ ಹೋಗುತ್ತಿದ್ದ ವಿಶೇಷ ಶಾಲೆಯ ರಿಜಿಸ್ಟರು ಮತ್ತು ಹೆರಿಗೆ ಆಸ್ಪತ್ರೆಯ ಹಳದಿಗಟ್ಟಿದ ಚೀಟಿ. ಒಂದು ಕಾಗದವನ್ನೂ ಎಸೆಯದ ಹೆಂಗಸು, ಅದರಿಂದ ಬದುಕಿಕೊಂಡರು.

ಆದಾಯದ ಮಿತಿಯ ಕತೆ ಇನ್ನೊಂದು. ಈ ಯೋಜನೆಯಲ್ಲಿ ಕುಟುಂಬದ ಆದಾಯ ವರ್ಷಕ್ಕೆ 21,000 ಮೀರಬಾರದು, ಅಂಗವಿಕಲರಿಗಾದರೆ 50,000. ಹನ್ನೆರಡರಿಂದ ಭಾಗಿಸಿ ನೋಡಿ, ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ. ಮುಂಬಯಿಯ ಯಾವ ಹೊಟೇಲಿನಲ್ಲಿ ಈಗ ನಾಲ್ಕು ಸಾವಿರಕ್ಕೆ ಲೋಟ ತೊಳೆಯುವ ಹುಡುಗ ಸಿಗುತ್ತಾನೆ? ಗಂಡ ಬದುಕಿದ್ದಾಗ ಈ ಮನೆಗೆ ಅನುದಾನ ಸಿಕ್ಕಿರಲಿಲ್ಲ, ಅರ್ಹತೆ ಬಂದದ್ದು ಅವರು ಹೋದ ಮೇಲೆ.

ಒಂದು ಒಳ್ಳೆಯ ಅಂಶವನ್ನು ಎಲ್ಲರೂ ಬರೆದಿಟ್ಟುಕೊಳ್ಳಬೇಕು. ಕಾಯ್ದೆಯ ಪ್ರಕಾರ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆ ಇದೆ. ಉಡುಪಿಯಲ್ಲೋ ಬಿಜಾಪುರದಲ್ಲೋ ಮಾಡಿಸಿದ್ದು ಇಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಹಿಂದೆ ಬರಬೇಡಿ. ಪರ್ಸೆಂಟು ತಪ್ಪಾಗಿದೆ ಎಂದು ಅನಿಸಿದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ. ನಲ್ವತ್ತರ ಕೆಳಗೆ ಬಂದರೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆಯಲ್ಲಿ ಬರೆಯಲು ಸಹಾಯಕನನ್ನು ಪಡೆಯುವುದಕ್ಕೆ ಶೇ. 40 ಇರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. ಮೀಸಲಾತಿಗೆ ಗೆರೆ ಬೇಕು, ಅನುಕೂಲ ಮಾಡಿಕೊಡುವುದಕ್ಕೆ ಗೆರೆ ಬೇಡ ಎಂಬುದು ಅದರ ತಾತ್ಪರ್ಯ. ಶಾಲಾ ಕಾಲೇಜಿಗೆ ಹೋಗುವ ಮಕ್ಕಳಿರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ನಮ್ಮ ಕೌಂಟರಿನಿಂದ ಎರಡು ಮಾತು

ಅನುದಾನ ನೇರ ಖಾತೆಗೆ ಬರಲು ಆರಂಭವಾದ ಮೇಲೆ ನನ್ನ ಕಿಟಕಿಗೆ ಬರುವ ದೂರು ಒಂದೇ: "ಪೈಸೆ ನಿಂತುಹೋಯಿತು." ನೋಡಿದರೆ ಹಲವು ಸಲ ನಿಂತಿರುವುದಿಲ್ಲ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಮೊಬೈಲಿನಲ್ಲಿ ಯಾರೋ ತೆರೆದುಕೊಟ್ಟ ಹೊಸ ಖಾತೆಯಲ್ಲಿ ಆರು ತಿಂಗಳ ಹಣ ಕುಳಿತಿದ್ದದ್ದನ್ನು ನಾನೇ ಕಂಡಿದ್ದೇನೆ. ಅರ್ಹತೆ ಹೋಯಿತೆಂದು ಹೆದರುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳಿ. ವರ್ಷಕ್ಕೊಮ್ಮೆ ಹಯಾತಿಯ ದಾಖಲೆ ಕೊಡುವುದನ್ನೂ ಮರೆಯಬೇಡಿ.

ನೌಕರಿಯಲ್ಲಿರುವ ಸದಸ್ಯರಿಗೆ ತೆರಿಗೆಯ ವಿಷಯ. ಅವಲಂಬಿತ ಅಂಗವಿಕಲರಿದ್ದರೆ 80ಡಿಡಿ ಎಂದು ನಾವು ವರ್ಷಗಳಿಂದ ಕರೆಯುತ್ತಾ ಬಂದ ಕಡಿತ 75,000, ಶೇ. 80 ಮೀರಿದ್ದರೆ 1,25,000. ಆದರೆ ಇದು ಹಳೆಯ ಪದ್ಧತಿಯಲ್ಲಿ ಮಾತ್ರ. 2023-24ರಿಂದ ನಾವು ಏನೂ ಹೇಳದಿದ್ದರೆ ಹೊಸ ಪದ್ಧತಿಗೇ ಸೇರಿಸುತ್ತಾರೆ, ಅಲ್ಲಿ ಈ ಕಡಿತ ಇಲ್ಲ. ಯಾವುದು ಲಾಭವೆಂದು ಪ್ರತಿ ವರ್ಷ ಲೆಕ್ಕ ಹಾಕಿ ನೋಡಬೇಕು.

ನಿಯಮ ಯಾವಾಗಲೂ ಬಿಗಿಯಾಗುತ್ತಲೇ ಹೋಗುತ್ತದೆ ಎಂದೂ ಅಲ್ಲ. ಕೇಂದ್ರ ಸರಕಾರದ ನಿವೃತ್ತರ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಸಿಗಲು ಮೊದಲು ಇತರ ಆದಾಯ ತಿಂಗಳಿಗೆ 9,000 ಮತ್ತು ತುಟ್ಟಿಭತ್ಯೆಯೊಳಗೆ ಇರಬೇಕಿತ್ತು. 2021ರ ಫೆಬ್ರವರಿಯಲ್ಲಿ ಅದನ್ನು ಸಡಿಲಿಸಿ, ತಂದೆ ಅಥವಾ ತಾಯಿಯ ಕೊನೆಯ ವೇತನದ ಶೇ. 30ಕ್ಕೆ ಹೊಂದಿಸಿದರು. ರೈಲ್ವೆ, ಅಂಚೆ, ಆದಾಯ ತೆರಿಗೆ ಇಲಾಖೆಗಳಿಂದ ನಿವೃತ್ತರಾದ ನಮ್ಮ ಹಿರಿಯರು ಮಕ್ಕಳ ಹೆಸರನ್ನು ತಾವು ಇರುವಾಗಲೇ ಪಿಂಚಣಿ ಕಾಗದದಲ್ಲಿ ಸೇರಿಸಿಡುವುದು ಒಳ್ಳೆಯದು. ನಂತರ ಓಡಾಡುವವರು ಯಾರು?

ಸಂಘದ ಬಗ್ಗೆಯೂ ಹೇಳಿಬಿಡುತ್ತೇನೆ, ಬೇಸರಿಸಬಾರದು. ಡಿಸೆಂಬರ್ 3ರ ಅಂಗವಿಕಲರ ದಿನ ಗಾಲಿಕುರ್ಚಿ ಕೊಟ್ಟು, ಶಾಲು ಹೊದಿಸಿ, ಫೋಟೋ ತೆಗೆಸಿ ಇದೇ ಪುಟದಲ್ಲಿ ಹಾಕಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನನ್ನ ಮುಖವೂ ಎರಡು ಫೋಟೋದಲ್ಲಿದೆ. ಆದರೆ ಆ ಕುರ್ಚಿಯಲ್ಲಿ ಕುಳಿತವರ ಕಾರ್ಡು ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕೇಳಿದವರಿಲ್ಲ. ಮಹಾಸಭೆಯ ಬಳಿಕ ನಾವು ಮೂವರು, ಒಬ್ಬರು ನಿವೃತ್ತ ಶಿಕ್ಷಕಿ, ಒಬ್ಬರು ಕೋರ್ಟಿನ ಕೆಲಸ ಬಲ್ಲವರು ಮತ್ತು ನಾನು, ತಿಂಗಳ ಎರಡನೆಯ ಭಾನುವಾರ ಸಂಘದ ಕಚೇರಿಯಲ್ಲಿ ಕುಳಿತುಕೊಳ್ಳಲು ಆರಂಭಿಸಿದ್ದೇವೆ. ಮೊದಲ ಸಲ ಇಬ್ಬರು ಬಂದರು, ಎರಡನೆಯ ಸಲ ಒಂಬತ್ತು. ಅದರಲ್ಲಿ ನಾಲ್ವರ ಮನೆಯಲ್ಲಿ ಇಂತಹ ಮಕ್ಕಳಿರುವುದು ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿದ ನಮಗೆ ಗೊತ್ತೇ ಇರಲಿಲ್ಲ.

ಹುಡುಗನ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಹದಿನೆಂಟು ತುಂಬಿದ ಕಾರಣ ಅವನ ಖಾತೆಯನ್ನು ತಾಯಿ ಇನ್ನು ತಾನಾಗಿಯೇ ನಡೆಸುವಂತಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಕಡೆಯ ಸ್ಥಳೀಯ ಸಮಿತಿಯಿಂದ ಪೋಷಕಿ ಎಂಬ ಪ್ರಮಾಣಪತ್ರ ತರಬೇಕು. ಬ್ಯಾಂಕುಗಳು ಅದನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕು 2007ರಲ್ಲೇ ತಿಳಿಸಿದೆ. ಅರ್ಜಿ ಕೊಟ್ಟಾಗಿದೆ, ಬರುವ ತಿಂಗಳು ಕರೆದಿದ್ದಾರೆ, ನಾನು ಅರ್ಧ ದಿನದ ರಜೆ ಬರೆದಿಟ್ಟಿದ್ದೇನೆ. ಮೊನ್ನೆ ಕಾಗದಗಳ ಝೆರಾಕ್ಸ್ ತೆಗೆದುಕೊಳ್ಳಲು ಅವರ ಖೋಲಿಗೆ ಹೋದಾಗ ಚಹಾಕ್ಕೆ ಹಾಲಿರಲಿಲ್ಲ. ತಾಯಿ ಮಗನ ಕೈಗೆ ದುಡ್ಡು ಕೊಟ್ಟರು. ಅವನು ನನ್ನ ಕಡೆ ಒಮ್ಮೆ ನೋಡಿ, ಚಪ್ಪಲಿ ಹಾಕಿಕೊಂಡು ಇಳಿದು ಹೋದ.